ಎಲ್ಲ ನಾಯಕಿಯರ ಕೈಗೂ ಕತ್ತಿ ಕೊಟ್ಟ ಮಾಸ್ತರ

ನಮ್ಮ ಸೀಮೆಯಲ್ಲಿ ಕಥೆ ಕಲಿಸುವ ಮಾಸ್ತರನಿಗೆ ನಾಯಕಿಯರ ಬರ ಇಲ್ಲ. ಬೈಲಹೊಂಗಲದ ಪೇಟೆಯಲ್ಲೇ ಕಿತ್ತೂರು ಚೆನ್ನಮ್ಮನ ಸಮಾಧಿ ಇದೆ. ಅದೇ ತಾಲ್ಲೂಕಿನ ಬೆಳವಡಿಯಲ್ಲಿ 17ನೇ ಶತಮಾನದಲ್ಲಿ ಮಲ್ಲಮ್ಮ ಶಿವಾಜಿಯ ದಂಡನ್ನು ತಡೆದು ನಿಂತಳು. ಸವದತ್ತಿಯ ಗುಡ್ಡ ಹತ್ತಿದರೆ ಎಲ್ಲಮ್ಮ, ಅಂದರೆ ರೇಣುಕೆ. ರಾಮದುರ್ಗ ತಾಲ್ಲೂಕಿನ ಸುರೇಬಾನದ ಹತ್ತಿರ ಶಬರಿಕೊಳ್ಳ. ಮಲಪ್ರಭೆಯ ಎಡಬಲಕ್ಕೆ ಬಸ್ಸಿನಲ್ಲಿ ಒಂದು ದಿನ ಓಡಾಡಿದರೆ ರಾಣಿ, ದೇವತೆ, ಕಾಡಿನ ಮುದುಕಿ ಎಲ್ಲರೂ ಸಿಗುತ್ತಾರೆ. ಇಷ್ಟು ಸಿರಿವಂತಿಕೆ ಇಟ್ಟುಕೊಂಡೂ ಹೆಣ್ಣುಮಕ್ಕಳ ಕಥೆ ಕಲಿಸುವುದರಲ್ಲಿ ನಾನು ವರ್ಷಗಟ್ಟಲೆ ನಪಾಸಾದೆ. ಶಾಲೆಯ ಫಲಿತಾಂಶ ಮಾತ್ರ ಚೆನ್ನಾಗಿಯೇ ಬರುತ್ತಿತ್ತು. ಅದಕ್ಕೇ ನಪಾಸಾದದ್ದು ತಿಳಿಯಲು ತಡವಾಯಿತು.

ನಾನು ಹೈಸ್ಕೂಲಿನ ಕನ್ನಡ ಮಾಸ್ತರ. ನೌಕರಿಯ ಬಹುಪಾಲು ಈ ಭಾಗದಲ್ಲೇ ವರ್ಗವಾಗುತ್ತ ಕಳೆದಿದೆ. ನಾನು ಸೇರಿದಾಗ ಕಿತ್ತೂರು ಇನ್ನೂ ಬೈಲಹೊಂಗಲ ತಾಲ್ಲೂಕಿನೊಳಗೇ ಇತ್ತು. ಬೇರೆ ತಾಲ್ಲೂಕಾದದ್ದು ಆಮೇಲೆ. ಯಾವ ಊರಿಗೆ ಹೋದರೂ ಒಂದು ಸಂಗತಿ ಕಣ್ಣಿಗೆ ಬೀಳುತ್ತಿತ್ತು. ಎಂಟನೇ ಇಯತ್ತೆಯಲ್ಲಿ ಸರಕಾರಿ ಸೈಕಲ್ಲಿನ ಬೆಲ್ಲು ಹೊಡೆಯುತ್ತ, ಬಾಯಿ ತುಂಬ ಮಾತಾಡುತ್ತ ಬರುವ ಹುಡುಗಿ ಹತ್ತನೇ ಇಯತ್ತೆಯ ಹೊತ್ತಿಗೆ ಕೇಳಿದ್ದಕ್ಕಷ್ಟೇ ಉತ್ತರ ಕೊಡುವವಳಾಗಿರುತ್ತಿದ್ದಳು. ಪರೀಕ್ಷೆಯಲ್ಲಿ ಶಾಲೆಗೇ ಮೊದಲು. ಮುಂದೆ ಕಾಲೇಜಿನ ಪಟ್ಟಿಯಲ್ಲಿ ಹೆಸರಿಲ್ಲ. ಸಂತೆಯಲ್ಲಿ ಅಪ್ಪ ಸಿಕ್ಕರೆ, 'ಲಗ್ನಾ ಮಾಡೇವ್ರಿ ಸರ್, ಚೊಲೋ ಮನಿತನ ಬಂದಿತ್ರಿ' ಎನ್ನುತ್ತಿದ್ದ.

ಇದಕ್ಕೆ ನನ್ನ ಕೈಲಿದ್ದ ಮದ್ದು ಕಥೆ ಎಂದುಕೊಂಡೆ. ಶನಿವಾರದ ಕೊನೆಯ ಪಿರಿಯಡ್ಡನ್ನು ಅದಕ್ಕೆ ಮೀಸಲಿಟ್ಟೆ. ಓದುವ ಕಥೆಯಲ್ಲಿ, ಬರೆಯುವ ಕಥೆಯಲ್ಲಿ ಹುಡುಗಿಯೇ ನಾಯಕಿ. ಆಕೆ ಮೊದಲ ಪುಟದಲ್ಲಿ ಇದ್ದಂತೆ ಕೊನೆಯ ಪುಟದಲ್ಲಿ ಇರಬಾರದು, ಬೆಳೆಯಬೇಕು. ಧೈರ್ಯವಂತೆಯ ಕಥೆ ಓದಿದವಳು ಧೈರ್ಯವಂತೆ ಆಗುತ್ತಾಳೆ ಎಂಬ ಲೆಕ್ಕ ನನ್ನದು. ಬಿ.ಎಡ್. ಮುಗಿಸಿದವರ ತಲೆಯಲ್ಲಿ ಇಂಥ ಲೆಕ್ಕಗಳು ಬೇಗ ಕೂಡಿಬರುತ್ತವೆ.

ಮೊದಲ ಪಾಠಕ್ಕೆ ಕರಿಹಲಗೆಯ ಎಡಗಡೆ ಹೆಸರು ಬರೆದೆ, ಬಲಗಡೆ ಗುಣ ಬರೆದೆ. ಚೆನ್ನಮ್ಮ, ಶೌರ್ಯ. ಮಲ್ಲಮ್ಮ, ಸಾಹಸ. ರೇಣುಕೆ, ಪಾತಿವ್ರತ್ಯ. ಶಬರಿ, ಭಕ್ತಿ. ಮಕ್ಕಳು ಅದನ್ನು ಅಂದವಾಗಿ ಇಳಿಸಿಕೊಂಡರು. ಪರೀಕ್ಷೆಗೂ ಅನುಕೂಲವೇ ಆಯಿತು: ಯಾವ ಪಾತ್ರದ ಗುಣಸ್ವಭಾವ ಕೇಳಿದರೂ ಮೂರು ವಿಶೇಷಣ, ಒಂದು ಉದಾಹರಣೆ, ಪೂರ್ಣ ಅಂಕ. ಆ ಮೂರು ವಿಶೇಷಣ ಗೊತ್ತಿದ್ದರೆ ಪಾಠ ಓದದೆಯೂ ಉತ್ತರ ಬರೆಯಬಹುದು ಎನ್ನುವುದು ಮಕ್ಕಳಿಗೆ ನನಗಿಂತ ಮೊದಲೇ ತಿಳಿದಿತ್ತು.

ಅವರು ಬರೆದ ಕಥೆಗಳನ್ನು ಹೇಳಬೇಕು. ಎಲ್ಲವೂ ಒಂದೇ ಕಥೆ. ಮೊದಲ ಪ್ಯಾರಾದಲ್ಲಿ ಹುಡುಗಿ ಅಂಜುಬುರುಕಿ. ಎರಡನೆಯದರಲ್ಲಿ ಒಬ್ಬ ಕೆಟ್ಟವ: ಕುಡುಕ ಅಪ್ಪನೋ, ಬಡ್ಡಿ ಸಾಹುಕಾರನೋ, ಇಂಗ್ಲಿಷರವನೋ. ಮೂರನೆಯದರಲ್ಲಿ ನಡುರಾತ್ರಿ ತ್ರೀ ಫೇಸ್ ಕರೆಂಟು ಬಂದ ಹಾಗೆ ಆಕೆಗೆ ಧೈರ್ಯ ಬಂದುಬಿಡುತ್ತಿತ್ತು. ಯಾಕೆ ಬಂತು, ಎಲ್ಲಿಂದ ಬಂತು, ಕೇಳಬೇಡಿ. ಕೊನೆಗೆ ಊರ ಪಂಚರು ಹಾರ ಹಾಕಿ ಶಾಲು ಹೊದಿಸುತ್ತಿದ್ದರು. ಕುಡಗೋಲು, ಬೆತ್ತ, ಕರಾಟೆ ಯಾವುದೇ ಇರಲಿ, ನಾಯಕಿಯ ಕೈಯಲ್ಲಿ ಕತ್ತಿಯ ಅಂಶವೊಂದು ಇರಲೇಬೇಕು. ನಾನು ಖುಷಿಪಟ್ಟೆ. ಆಯ್ದು ಝೆರಾಕ್ಸ್ ಮಾಡಿಸಿ ಪುಸ್ತಿಕೆ ಹೊಲಿಸಿದೆ. ಅದನ್ನು ಬಂದ ಅಧಿಕಾರಿಗಳಿಗೆ ಕೊಟ್ಟು ಶಹಬ್ಬಾಸ್ ಅನ್ನಿಸಿಕೊಂಡದ್ದೂ ಉಂಟು.

ಸವದತ್ತಿ ಕಡೆಯ ಶಾಲೆಯಲ್ಲಿದ್ದಾಗಿನ ಮಾತು. ರೇಣುಕೆಯ ಕಥೆ ಹೇಳುತ್ತಿದ್ದೆ. ಅಲ್ಲಿ ಆ ಕಥೆ ಹೇಳುವುದೆಂದರೆ ಮೀನಿಗೆ ಈಜು ಕಲಿಸಲು ಹೋದಂತೆ. ಕೂತವರಿಗೆಲ್ಲ ನನಗಿಂತ ಚೆನ್ನಾಗಿ ಗೊತ್ತು. ದಿನಾ ಹೊಳೆಗೆ ಹೋಗಿ ಹಸಿ ಉಸುಕಿನಲ್ಲಿ ಕೊಡ ಮಾಡಿ, ಹಾವನ್ನು ಸಿಂಬೆ ಸುತ್ತಿ, ನೀರು ಹೊತ್ತು ತರುತ್ತಿದ್ದ ರೇಣುಕೆ. ಒಂದು ದಿನ ನೀರಾಟವಾಡುವ ಗಂಧರ್ವರನ್ನು ಕಂಡು ಕ್ಷಣ ನಿಂತಳು, ಉಸುಕು ಕೊಡವಾಗಲಿಲ್ಲ. ಜಮದಗ್ನಿಯ ಶಾಪ, ಮೈಗೆ ರೋಗ, ಕಾಡು ಪಾಲು. ಜನಪದದಲ್ಲಿ ಎಕ್ಕಯ್ಯ ಜೋಗಯ್ಯ ಸಿಕ್ಕು ಆರೈಕೆ ಮಾಡುತ್ತಾರೆ, ಜೋಗುಳಬಾವಿಯಲ್ಲಿ ಮಿಂದು ಆಕೆ ಗುಣವಾಗುತ್ತಾಳೆ. ಆಮೇಲೆ ಗಂಡನ ಆಶ್ರಮಕ್ಕೆ ಮರಳುತ್ತಾಳೆ. ಮಗ ಪರಶುರಾಮನ ಕೊಡಲಿ ಏಳುವುದು ಆಗ.

ಹಿಂದಿನ ಸಾಲಿನಿಂದ ಒಬ್ಬಳು ಎದ್ದಳು. 'ಸರ್, ಜೋಗುಳಬಾವ್ಯಾಗ ಝಳಕಾ ಮಾಡಿ ಆರಾಮ ಆಗಿದ್ಲಲ್ರಿ. ಆರಾಮ ಆದ ಮ್ಯಾಲ ಮತ್ತ ಆ ಮನಿಗಿ ಯಾಕ ಹ್ವಾದ್ಲರೀ?'

ಹುಡುಗರು ಕಿಸಕ್ಕನೆ ನಕ್ಕರು. ನಾನು, 'ದೇವರ ವಿಷಯದಾಗ ಹಂಗೆಲ್ಲಾ ಕೇಳಬಾರ್ದು, ಕೂಡು' ಎಂದೆ. ಕೂತಳು. ಮುಂದಿನ ಶನಿವಾರ ಆಕೆ ತಂದ ಕಥೆಯಲ್ಲಿ ಅಂಜುಬುರುಕಿ ಇದ್ದಳು, ಕೆಟ್ಟವನಿದ್ದ, ಧೈರ್ಯ ಬಂತು, ಹಾರ ಬಿತ್ತು. ನಾನು ಹತ್ತಕ್ಕೆ ಒಂಬತ್ತು ಕೊಟ್ಟೆ. ಆ ವರ್ಷವಿಡೀ ಆಕೆ ಅಂಥವೇ ಕಥೆ ಬರೆದಳು, ಮತ್ತೆ ಏನೂ ಕೇಳಲಿಲ್ಲ.

ಆ ಪ್ರಶ್ನೆಯ ಬೆಲೆ ಈಗ ನನಗೆ ಗೊತ್ತು. ಕಾದಂಬರಿ ಬರೆಯುವವನು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುವುದು ಅದೊಂದಕ್ಕೇ. ಮಗನ ಮುಖ ನೋಡಲು ಹೋದಳೇ? ಗುಣವಾಗಿ ಬಂದರೆ ಗಂಡ ಒಪ್ಪಿಯಾನು ಎಂದು ನಂಬಿದಳೇ? ಬೇರೆ ಹೋಗಲು ಜಾಗವೇ ಇರಲಿಲ್ಲವೇ? ತಪ್ಪಿಲ್ಲದವಳು ತಾನೇಕೆ ತಲೆ ತಪ್ಪಿಸಿಕೊಂಡಿರಬೇಕು ಎಂಬ ಹಟವೇ? ಒಂದೊಂದು ಉತ್ತರಕ್ಕೆ ಒಬ್ಬೊಬ್ಬ ರೇಣುಕೆ ಹುಟ್ಟುತ್ತಾಳೆ. ನನ್ನ ಹಲಗೆಯ ಮೇಲಿನ 'ಪಾತಿವ್ರತ್ಯ' ಒಬ್ಬಳನ್ನೂ ಹುಟ್ಟಿಸಿರಲಿಲ್ಲ.

ಗುಡ್ಡದ ಜನ ನನಗಿಂತ ಜಾಣರು. ಅವರು ಎಲ್ಲಮ್ಮನನ್ನು ಒಂದೇ ಗುಣಕ್ಕೆ ಕಟ್ಟಿಹಾಕಿಲ್ಲ. ಡಿಸೆಂಬರ್ ಹೊತ್ತಿಗೆ ಬರುವ ರಂಡಿ ಹುಣ್ಣಿಮೆಗೆ ಆಕೆ ವಿಧವೆ. ಜೋಗತಿಯರು ಬಳೆ ಒಡೆದುಕೊಳ್ಳುತ್ತಾರೆ. ಭರತ ಹುಣ್ಣಿಮೆಗೆ ಮತ್ತೆ ಮುತ್ತೈದೆ. ಹಸಿರು ಬಳೆ ಏರುತ್ತವೆ. ವರ್ಷ ವರ್ಷ ಕಳೆದುಕೊಂಡು, ವರ್ಷ ವರ್ಷ ಪಡೆದುಕೊಳ್ಳುವ ಹೆಂಗಸು ಆಕೆ. ಆಕೆಯ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ಬದುಕು ಕಳೆದ ಹೆಂಗಸರೂ ಅದೇ ಊರುಗಳ ಓಣಿಗಳಲ್ಲಿದ್ದರು. ದೇವದಾಸಿ ಬಿಡುವುದನ್ನು ನಿಷೇಧಿಸುವ 1982ರ ಕಾಯ್ದೆ ಬಂದ ಮೇಲೂ ಅವರ ಮಕ್ಕಳು ಶಾಲೆಯ ಹಾಜರಿಯಲ್ಲಿ ಅಪ್ಪನ ಹೆಸರು ಕೇಳಿದಾಗ ತಲೆ ತಗ್ಗಿಸುತ್ತಿದ್ದರು. 'ಆ ಮನಿಗಿ ಯಾಕ ಹ್ವಾದ್ಲು' ಎಂಬ ಪ್ರಶ್ನೆ ಅಲ್ಲಿ ಪುರಾಣದ ಪ್ರಶ್ನೆ ಮಾತ್ರ ಆಗಿರಲಿಕ್ಕಿಲ್ಲ.

ಇಷ್ಟಾದರೂ ಬುದ್ಧಿ ಬರಲಿಲ್ಲ. ಮಾಸ್ತರಿಕೆಯ ಒಂದು ಅನುಕೂಲ ಇದು: ವರ್ಗವಾದರೆ ಸೋಲು ಹಿಂದಿನ ಊರಿನಲ್ಲೇ ಉಳಿಯುತ್ತದೆ.

ರಾಮದುರ್ಗ ತಾಲ್ಲೂಕಿಗೆ ಹೋದೆ. ಧಾರವಾಡದ ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ' ಕಾದಂಬರಿಗೆ 2021ರ ಸಾಲಿನ ಬಾಲ ಸಾಹಿತ್ಯ ಪುರಸ್ಕಾರ ಬಂದಿತ್ತು. ಅದರ ಸುದ್ದಿ ಹೇಳಿ, ನಮ್ಮ ಕಡೆಯ ಮಾತಿನಲ್ಲೇ ಎಂಥ ಪುಸ್ತಕ ಬರೆಯಬಹುದು ನೋಡಿ ಎಂದೆ. ಒಬ್ಬ ಹುಡುಗಿ ಅದರ ಜಾಡು ಹಿಡಿದು ಓಡಿ ಹೋಗುವ ಹುಡುಗಿಯ ಕಥೆ ಬರೆದು ತಂದಳು. ನೇಕಾರರ ಮನೆ, ಮಗ್ಗದ ಸಪ್ಪಳ ನಿಂತ ನಡುರಾತ್ರಿಯಲ್ಲಿ ಹುಡುಗಿ ಅಜ್ಜಿಯ ಕುಬಸದ ಗಂಟಿನಿಂದ ದುಡ್ಡು ತೆಗೆದು, ಬಸ್‌ಸ್ಟ್ಯಾಂಡಿಗೆ ಬಂದು, ಬೆಳಗಾವಿಯ ಮೊದಲ ಬಸ್ಸಿಗೆ ಕಾಯುತ್ತಾಳೆ. ಚೆನ್ನಾಗಿತ್ತು. ಸ್ಟ್ಯಾಂಡಿನಲ್ಲಿ ಆಕೆ ದುಡ್ಡನ್ನು ಎರಡು ಭಾಗ ಮಾಡಿ ಒಂದನ್ನು ಚಪ್ಪಲಿಯೊಳಗೆ ಇಟ್ಟುಕೊಳ್ಳುವುದನ್ನು ಓದಿದಾಗ ಇದು ಹುಟ್ಟು ಕಥೆಗಾರ್ತಿಯ ಕೈ ಅನ್ನಿಸಿತು. ಆದರೂ ಕೆಂಪು ಪೆನ್ನು ತೆಗೆದು, 'ಹುಡುಗಿ ಮನೆ ಬಿಟ್ಟು ಹೋಗುವುದು ಬೇಡ. ಊರಲ್ಲೇ ನಿಂತು ಹೋರಾಡಲಿ' ಎಂದು ಬರೆದೆ. ಆಕೆಯ ಗೆಳತಿ ಒಬ್ಬಳು ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ ಹೇಳಿದಳು: 'ಹುಡುಗ ಓಡಿ ಹೋದ್ರ ಕಾದಂಬರಿ ಆಕ್ಕೈತಿ, ಹುಡುಗಿ ಓಡಿ ಹೋದ್ರ ಪೊಲೀಸ್ ಕಂಪ್ಲೇಂಟ್ ಆಕ್ಕೈತಿ.' ನಗುವ ಸರದಿ ಈ ಸಲ ಹುಡುಗಿಯರದು.

ಅದೇ ಚಳಿಗಾಲದಲ್ಲಿ ಶಬರಿಕೊಳ್ಳಕ್ಕೆ ಮಕ್ಕಳನ್ನು ಕರೆದುಕೊಂಡು ಹೋದೆವು. ಬೋರೆ ಹಣ್ಣು ತಿನ್ನುತ್ತ ಕೂತಾಗ ಅಲ್ಲಿದ್ದ ಒಬ್ಬ ಹಿರಿಯರು ಜನರ ಬಾಯಲ್ಲಿರುವ ಶಬರಿಯ ಕಥೆ ಹೇಳಿದರು. ಲಗ್ನದ ಹಿಂದಿನ ದಿನ ಮನೆಯ ಮುಂದೆ ಕುರಿ ಆಡುಗಳನ್ನು ಕಟ್ಟಿದ್ದನ್ನು ಶಬರಿ ಕಂಡಳಂತೆ. ನನ್ನ ಲಗ್ನಕ್ಕೆ ಇಷ್ಟು ಜೀವ ಹೋಗುವುದಾದರೆ ಈ ಲಗ್ನವೇ ಬೇಡ ಎಂದು ರಾತ್ರೋರಾತ್ರಿ ಕಾಡಿಗೆ ನಡೆದಳಂತೆ. ಮತಂಗ ಮುನಿಯ ಆಶ್ರಮ ಸೇರಿದ್ದು ಹಾಗೆ. ಚಪ್ಪಲಿಯಲ್ಲಿ ದುಡ್ಡಿಟ್ಟ ಕಥೆಯ ಹುಡುಗಿ ಎದುರಿಗೇ ಇದ್ದಳು. 'ಈಕೀನೂ ಓಡಿ ಬಂದಾಕೀನ ಏನ್ರಿ ಸರ್?' ಎಂದು ಕೇಳಿದಳು. ಕೇಳಿದ್ದು ತುಂಬ ವಿನಯದಿಂದ. ಸೀಮೆಯ ಜನ ಕೈ ಮುಗಿಯುವ ಮುದುಕಿ ಲಗ್ನ ಬಿಟ್ಟು ಓಡಿಬಂದ ಹುಡುಗಿ, ಅದೇ ತಾಲ್ಲೂಕಿನ ಶಾಲೆಯಲ್ಲಿ ಕಾಗದದ ಮೇಲಿನ ಹುಡುಗಿ ಕೂಡ ಮೊದಲ ಬಸ್ಸು ಹತ್ತುವಂತಿಲ್ಲ! ನನ್ನ ಹಲಗೆಯಲ್ಲಿ ಶಬರಿಗೆ ನಾನು ಕೊಟ್ಟಿದ್ದ ಕೆಲಸ ಕಾಯುವುದು ಮತ್ತು ಹಣ್ಣು ಕಚ್ಚಿ ನೋಡುವುದು, ಎರಡೇ. ಆ ಹುಡುಗಿಗೆ ಏನೂ ಹೇಳದೆ ಹಾಜರಿ ತೆಗೆದುಕೊಳ್ಳಲು ಎದ್ದೆ.

ಕಡೆಗೆ ನನ್ನನ್ನು ಹಿಡಿದು ಹಾಕಿದ್ದು ಒಂದು ಡ್ರಾಯಿಂಗ್ ಶೀಟು.

ಅಕ್ಟೋಬರ್ 23ರಿಂದ ಕಿತ್ತೂರು ಉತ್ಸವ. 1824ರಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರು ಕೋಟೆಯ ಮುಂದೆ ಸತ್ತದ್ದು ಅದೇ ದಿನ. ಪ್ರತಿ ವರ್ಷ ಶಾಲೆಗಳಲ್ಲಿ ಭಾಷಣ, ಛದ್ಮವೇಷ, ಚಾರ್ಟ್. ಛದ್ಮವೇಷದ ಹುಡುಗಿಯರಿಗೆ ಕಾಸಿ ಸೀರೆ, ರಟ್ಟಿನ ಕತ್ತಿ. ನೋಡುವ ಅಜ್ಜಿಯರ ಮನಸ್ಸಿನಲ್ಲಿ ಚೆನ್ನಮ್ಮನಿಗೆ ಇನ್ನೂ 1961ರ ಸಿನಿಮಾದ ಬಿ. ಸರೋಜಾದೇವಿಯ ಮುಖ. ಆ ವರ್ಷ ನಾನು ಕಾಲರೇಖೆಯ ಚಾರ್ಟ್ ಮಾಡಿಸುತ್ತಿದ್ದೆ. 1778, ಕಾಕತಿಯಲ್ಲಿ ಜನನ. ಹುಲಿ ಬೇಟೆ, ಮಲ್ಲಸರ್ಜ ದೇಸಾಯಿಯೊಂದಿಗೆ ಮದುವೆ. 1816, ಮಲ್ಲಸರ್ಜನ ಮರಣ. 1824 ಸೆಪ್ಟೆಂಬರ್, ಶಿವಲಿಂಗರುದ್ರಸರ್ಜನ ಮರಣ. ಅಕ್ಟೋಬರ್, ಯುದ್ಧ. ಡಿಸೆಂಬರ್, ಕೋಟೆಯ ಪತನ. 1829, ಬೈಲಹೊಂಗಲದ ಸೆರೆಯಲ್ಲಿ ಮರಣ. ಅಂಟು ಹಚ್ಚುತ್ತಿದ್ದ ಹುಡುಗ ಕೇಳಿದ: 'ಸರ್, 1816ರಿಂದ 1824ರ ತನಕ ಜಾಗಾ ಖಾಲಿ ಉಳೀತ್ರಿ. ಏನ್ ಹಚ್ಚೂದ್ರಿ?'

'ಕುದರಿ ಚಿತ್ರ ಹಚ್ಚು' ಎಂದೆ.

ಹಚ್ಚಿದ. ಬಿಳಿ ಕುದುರೆ, ಒಳ್ಳೇ ಕುದುರೆ. ಪ್ರದರ್ಶನದ ಮೂರೂ ದಿನ ಆ ಚಾರ್ಟಿನ ಹತ್ತಿರ ಹೋದಾಗೆಲ್ಲ ಎಂಟು ವರ್ಷಗಳ ಮೇಲೆ ನಿಂತ ಆ ಕುದುರೆಯೇ ನನಗೆ ಕಾಣುತ್ತಿತ್ತು.

ಆ ಎಂಟು ವರ್ಷ ಚೆನ್ನಮ್ಮ ಏನು ಮಾಡುತ್ತಿದ್ದಳು? ಗಂಡ ಹೋಗಿದ್ದಾನೆ. ಹೆತ್ತ ಮಗ ಬದುಕಿಲ್ಲ. ಗಾದಿಯ ಮೇಲೆ ಇರುವವನು ಹಿರಿಯ ರಾಣಿ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ. 1818ರಲ್ಲಿ ಪೇಶ್ವೆಗಳ ಆಳಿಕೆ ಮುಗಿದು ಧಾರವಾಡದಲ್ಲಿ ಕಂಪನಿಯ ಕಚೇರಿ ಕೂತಿದೆ. ಕಪ್ಪ ಕೇಳುವ ಕೈ ಮರಾಠರದಿದ್ದದ್ದು ಇಂಗ್ಲಿಷರದಾಗಿದೆ. ವಾಡೆಯೊಳಗಿನ ಕಿರಿಯ ವಿಧವೆ ರಾಣಿಗೆ ಅಧಿಕಾರವಿಲ್ಲ. ಕಣ್ಣು ಕಿವಿ ಇವೆ. ಯಾವ ಕಾರಭಾರಿ ಯಾರ ಕಡೆ, ಕಂಪನಿಯವರು ಮಾತು ಹೇಗೆ ಕೊಡುತ್ತಾರೆ, ಹೇಗೆ ತಪ್ಪುತ್ತಾರೆ, ಇದನ್ನೆಲ್ಲ ಆಕೆ ಕಲಿತದ್ದು ಹುಲಿ ಬೇಟೆಯಲ್ಲಿ ಅಲ್ಲ. 1824ರಲ್ಲಿ ದತ್ತು ಮಗ ಶಿವಲಿಂಗಪ್ಪನನ್ನು ಥ್ಯಾಕರೆ ಒಪ್ಪದೆ ಖಜಾನೆಗೆ ಮುದ್ರೆ ಒತ್ತಿಸಿದಾಗ ಎದ್ದವಳು ಆ ಎಂಟು ವರ್ಷ ಬೆಳೆಸಿದ ಹೆಂಗಸು. ಯುದ್ಧ ಗೆದ್ದ ಮೇಲೆ ಆಕೆ ಮಾಡಿದ್ದನ್ನು ನೋಡಿ. ಸೆರೆಸಿಕ್ಕ ಇಂಗ್ಲಿಷ್ ಅಧಿಕಾರಿಗಳಾದ ಎಲಿಯಟ್ ಮತ್ತು ಸ್ಟೀವನ್‌ಸನ್ನರನ್ನು ತೊಂದರೆಯಾಗದಂತೆ ಇಟ್ಟುಕೊಂಡಳು, ದಖ್ಖನಿನ ಕಮಿಷನರ್ ಚಾಪ್ಲಿನ್ ಜೊತೆ ಪತ್ರ ವ್ಯವಹಾರ ನಡೆಸಿದಳು, ದೊಡ್ಡ ಯುದ್ಧ ತಪ್ಪೀತು ಎಂಬ ಆಸೆಯಿಂದ ಅವರಿಬ್ಬರನ್ನೂ ಬಿಟ್ಟಳು. ಕಂಪನಿಯ ದಂಡು ಬಂದೇ ಬಂತು. 'ಶೌರ್ಯ' ಎಂಬ ಒಂದು ಚೀಟಿ ಅಂಟಿಸಿದರೆ ಈ ಚೆನ್ನಮ್ಮ ಅದರ ಕೆಳಗೆ ಮುಚ್ಚಿಹೋಗುತ್ತಾಳೆ.

ಆಗಿನಿಂದ ನಾನು ತರಗತಿಯಲ್ಲಿ ಇಬ್ಬರು ಚೆನ್ನಮ್ಮಂದಿರ ಮಾತಾಡುತ್ತೇನೆ, ಕಿತ್ತೂರಿನವಳು ಮತ್ತು ಬೈಲಹೊಂಗಲದವಳು. ಶಾಲೆಯ ಸಹಲಿಗಳು ಕಿತ್ತೂರಿನಲ್ಲಿ ಅರ್ಧ ದಿನ ಕಳೆಯುತ್ತವೆ: ವಸ್ತು ಸಂಗ್ರಹಾಲಯ, ಮುರಿದ ವಾಡೆ, ಧ್ರುವ ನಕ್ಷತ್ರ ನೋಡಲು ಮಾಡಿದ ಕಿಂಡಿ. ಬೈಲಹೊಂಗಲದಲ್ಲಿ ಐದು ನಿಮಿಷ. ಸಮಾಧಿಗೆ ಕೈ ಮುಗಿದು, ಕಬ್ಬಿನ ಹಾಲು ಕುಡಿದು ಬಸ್ ಹತ್ತುವುದು. ಆದರೆ ಸೋತ ಮೇಲೆ ನಾಲ್ಕು ವರ್ಷಕ್ಕೂ ಮೀರಿ ಆಕೆ ಬದುಕಿದ್ದು ಆ ಊರಿನ ಕೋಟೆಯಲ್ಲಿ. ಸೆರೆಯ ಒಂದು ದಿನದ ಕಥೆ ಬರೆಯಿರಿ, ಕತ್ತಿ ಬರಬಾರದು, ವೇಷ ಮರೆಸಿಕೊಂಡು ಆಕೆಯ ಬಂಟ ರಾಯಣ್ಣನೂ ಬರಬಾರದು ಎಂದೆ. ಮಕ್ಕಳು ಒದ್ದಾಡಿದರು. ಕೆಲವರು ರಾಯಣ್ಣನನ್ನು ಹೇಗಾದರೂ ನುಸುಳಿಸಿದರು. ಒಬ್ಬನ ಕಥೆಯಲ್ಲಂತೂ ಆತ ಹಾಲು ಮಾರುವವನಾಗಿ ಬಂದು, 'ನಾ ರಾಯಣ್ಣ ಅಲ್ಲ' ಎಂದು ಹೇಳಿ ಹೋಗುತ್ತಾನೆ. ಒಬ್ಬಳು ಮಾತ್ರ ಹೀಗೆ ಬರೆದಳು: ಕಾವಲುಗಾರನ ಪುಟ್ಟ ಮಗಳು ರಾಣಿಯನ್ನು, ನಿನ್ನ ಊರು ಯಾವುದವ್ವಾ ಎಂದು ಕೇಳುತ್ತಾಳೆ. ಚೆನ್ನಮ್ಮ ಸ್ವಲ್ಪ ಹೊತ್ತು ಯೋಚಿಸಿ, ಕಾಕತಿ ಎನ್ನುತ್ತಾಳೆ. ಕಿತ್ತೂರು ಅನ್ನುವುದಿಲ್ಲ. ಯಾಕೆ ಹಾಗೆ ಬರೆದೆ ಎಂದು ಕೇಳಿದೆ. 'ಕಿತ್ತೂರ ಅಂದ್ರ ಆ ಹುಡಿಗಿಗೆ ಗೊತ್ತಾಗಿ ಕೈ ಮುಗೀತಿತ್ರಿ. ಆಕೀಗೆ ಯಾರರ ಒಬ್ರು ಸುಮ್ನ ಮಾತಾಡಾಕ ಬೇಕಾಗಿತ್ತ್ರಿ' ಎಂದಳು. ಇಂಥದ್ದನ್ನು ನಾನು ಕಲಿಸಿರಲಿಲ್ಲ, ಅಡ್ಡ ಬರುವುದನ್ನು ಬಿಟ್ಟಿದ್ದೆ ಅಷ್ಟೇ.

ಓದಿಸುವ ಪುಸ್ತಕಗಳೂ ಬದಲಾದವು. ಇಲ್ಲಿ ಕನ್ನಡದ ಒಂದು ಬಡತನ ಒಪ್ಪಿಕೊಳ್ಳಲೇಬೇಕು. ಹದಿಮೂರರಿಂದ ಹದಿನೇಳರ ವಯಸ್ಸಿಗೆಂದು ನಮ್ಮಲ್ಲಿ ಕಪಾಟು ಇಲ್ಲ. ಕಾಗೆ ನರಿಯ ನೀತಿಕಥೆ ಮುಗಿಸಿದವರು ನೇರ ತ್ರಿವೇಣಿಯವರ ಕಾದಂಬರಿಗಳಿಗೆ ಜಿಗಿಯಬೇಕು. ನಡುವಿನ ಹೊಳೆಗೆ ಸೇತುವೆ ಕಟ್ಟುತ್ತಿರುವವರು ಕೈಬೆರಳೆಣಿಕೆಯ ಮಂದಿ. ಹಾಗಾಗಿ ದೊಡ್ಡವರ ಪುಸ್ತಕಗಳಿಂದಲೇ ಪುಟ ಆರಿಸಿ ಓದುತ್ತೇನೆ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' (1976) ನಮ್ಮ ಮಕ್ಕಳಿಗೆ ಹಿಡಿಸದು ಎಂದುಕೊಂಡಿದ್ದೆ: ಮಲೆನಾಡಿನ ಬ್ರಾಹ್ಮಣ ಮನೆ, ಬಾಲವಿಧವೆ, ಇಡೀ ಆಯುಷ್ಯ ಒಂದೇ ಗೋಡೆಯೊಳಗೆ. ಹಿಡಿಸಿತು. ಫಣಿಯಮ್ಮ ಯಾರಿಗೂ ಎದುರು ಮಾತಾಡಿದವಳಲ್ಲ. ಆದರೆ ಮನೆಯಲ್ಲಿ ಇನ್ನೊಬ್ಬ ಚಿಕ್ಕ ವಯಸ್ಸಿನ ವಿಧವೆ ತಲೆ ಬೋಳಿಸಿಕೊಳ್ಳಲಾರೆ ಎಂದಾಗ, ಮಡಿಯಲ್ಲೇ ಮುದುಕಿಯಾದ ಈಕೆ ಆ ಹುಡುಗಿಯ ಪರ ನಿಲ್ಲುತ್ತಾಳೆ. ಒಂದು ಬದುಕಿನಷ್ಟು ಉದ್ದದ ಬೆಳವಣಿಗೆ, ಕತ್ತಿ ಎಲ್ಲೂ ಇಲ್ಲ. ಅದನ್ನು ಓದಿದ ದಿನ ಒಬ್ಬ ಹುಡುಗಿ, 'ನಮ್ಮಾಯಿ ಹಿಂಗ ಅದಾಳ್ರಿ' ಎಂದಳು. ಆಮೇಲೆ ಪಿರಿಯಡ್ಡು ನನ್ನ ಕೈಯಲ್ಲಿ ಉಳಿಯಲಿಲ್ಲ, ಎಲ್ಲರ ಆಯಿಗಳೂ ತರಗತಿಗೆ ಬಂದರು.

ನ್ಯಾಷನಲ್ ಬುಕ್ ಟ್ರಸ್ಟಿನ ಕನ್ನಡ 'ತೊತ್ತೋ ಚಾನ್' ಇನ್ನೊಂದು. ಮೂಲ ಜಪಾನಿ ಪುಸ್ತಕ ಬಂದದ್ದು 1981ರಲ್ಲಿ. ಕಿಟಕಿಯ ಬಳಿ ನಿಂತು ಬೀದಿಯ ವಾದ್ಯಗಾರರನ್ನು ಕರೆಯುತ್ತಿದ್ದಳೆಂದು ಶಾಲೆಯಿಂದ ಹೊರಹಾಕಿಸಿಕೊಂಡ ಹುಡುಗಿ ಆಕೆ. ಹೊಸ ಶಾಲೆಯ ಹೆಡ್‌ಮಾಸ್ತರ ಕೋಬಾಯಾಶಿ ಮೊದಲ ದಿನ ಆಕೆ ಹೇಳಿದ್ದನ್ನೆಲ್ಲ ನಾಲ್ಕು ತಾಸು ಕೂತು ಕೇಳುತ್ತಾರೆ. ಆ ಪುಟಗಳನ್ನು ಗಟ್ಟಿಯಾಗಿ ಓದುವಾಗ ನನ್ನ ದನಿ ಯಾಕೆ ತಗ್ಗುತ್ತದೆ ಎಂದು ಮಕ್ಕಳಿಗೆ ಗೊತ್ತಿಲ್ಲ. ಸವದತ್ತಿ ಕಡೆಯ ಹಿಂದಿನ ಸಾಲಿನವಳಿಗೆ ನಾನು ಕೊಟ್ಟದ್ದು ಒಂದು ವಾಕ್ಯ ಮುಗಿಯುವಷ್ಟು ಹೊತ್ತು.

ತರಗತಿಗೆ ತರಲಾಗದವಳೂ ಒಬ್ಬಳಿದ್ದಾಳೆ. ಬೈಲಹೊಂಗಲ ಸೀಮೆಯಲ್ಲಿ ನಡೆದದ್ದೆಂದು ಹೇಳುವ 'ಸಂಗ್ಯಾ ಬಾಳ್ಯಾ' ಸಣ್ಣಾಟದ ಗಂಗಿ. ಆಟಕ್ಕೆ ಹೆಸರು ಕೊಟ್ಟವರು ಇಬ್ಬರು ಗಂಡಸರು. ಒಬ್ಬ ಬಯಸಿದ, ಒಬ್ಬ ಮೋಸ ಮಾಡಿದ. ನಡುವೆ ಮೊದಲು ಬೇಡವೆಂದು ಆಮೇಲೆ ಒಪ್ಪುವ ಗಂಗಿಯ ಮನಸ್ಸೇ ಇಡೀ ಆಟದ ತಿರುಗಣಿ. ಪಾತ್ರ ಬದಲಾಗುವುದನ್ನು ತೋರಿಸಲು ಅದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಕಡೆ ಇಲ್ಲ. ಹತ್ತನೇ ಇಯತ್ತೆಯಲ್ಲಿ ಅದನ್ನು ತೆಗೆದರೆ ಮರುದಿನ ಪಾಲಕರು ಗೇಟಿನಲ್ಲಿರುತ್ತಾರೆ. ಅಷ್ಟು ಧೈರ್ಯ ನನಗಿನ್ನೂ ಬಂದಿಲ್ಲ. ಮೂರನೇ ಪ್ಯಾರಾ ತಲುಪಿಲ್ಲವೇನೋ.

ಒಂದು ಮಾತು ಸ್ಪಷ್ಟ ಹೇಳಿಬಿಡುತ್ತೇನೆ. ಕಥೆ ಓದಿದ್ದರಿಂದ ಲಗ್ನ ನಿಂತ ಉದಾಹರಣೆ ನನ್ನ ಹತ್ತಿರ ಒಂದೂ ಇಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಹೋಗಿ ನಿಂತದ್ದು ನೋಡಿದ್ದೇನೆ. ಶನಿವಾರದ ಪಿರಿಯಡ್ಡು ಆ ನಂಬರಿನ ಕೆಲಸ ಮಾಡೀತು ಎಂದು ಕಾದದ್ದೇ ನನ್ನ ಮೊದಲ ಲೆಕ್ಕದ ತಪ್ಪು.

ಈಗ ಹಲಗೆಯ ಮೇಲೆ ಗುಣ ಬರೆಯುವುದಿಲ್ಲ. ಈಕೆಗೆ ಏನು ಬೇಕಾಗಿತ್ತು ಎಂದು ಕೇಳುತ್ತೇನೆ. ಅದಕ್ಕಾಗಿ ಏನು ಬಿಟ್ಟುಕೊಟ್ಟಳು ಎಂಬುದು ಆಮೇಲೆ ತಾನಾಗಿ ಬರುತ್ತದೆ. ಹುಡುಗಿಯರಿಗೆ ಇದು ಬೇಗ ಹಿಡಿಯುತ್ತದೆ. ಕಷ್ಟ ಹುಡುಗರದು. ನಾಯಕಿಯ ಕಥೆ ಬರೆಯೆಂದರೆ, 'ನಾ ಹ್ಯಾಂಗ ಬರೀಲ್ರಿ, ನಾ ಏನ್ ಹುಡಿಗೇನು?' ಎನ್ನುತ್ತಾರೆ. ಅವರಿಗೆ ಏಣಗಿ ಬಾಳಪ್ಪನವರ ಹೆಸರು ಹೇಳುತ್ತೇನೆ. ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿ 2017ರ ತನಕ ಬಾಳಿದ ನಟ. ಹರೆಯದಲ್ಲಿ ಹೆಸರು ಮಾಡಿದ್ದು ಸ್ತ್ರೀ ಪಾತ್ರಗಳಿಂದ. ಸೀರೆ ಉಡುವುದನ್ನು ಕಲಿತ ಮಾತ್ರಕ್ಕೆ ಅಂಥ ಪಾತ್ರ ದಕ್ಕುತ್ತಿರಲಿಲ್ಲ, ಎದುರಿಗೆ ಕೂತ ಹೆಂಗಸರು ಒಪ್ಪಬೇಕಿತ್ತು. ನೀವೂ ಮನೆಗೆ ಹೋಗಿ ಒಬ್ಬರನ್ನು ನೋಡಿ, ಮಾತಾಡಿಸಿ ಬನ್ನಿ ಎನ್ನುತ್ತೇನೆ.

ಹೋದ ವರ್ಷ ಒಬ್ಬ ಹುಡುಗ ಅಕ್ಕನ ಕಥೆ ಬರೆಯಲು ಕೂತ. ಅಕ್ಕ ಹತ್ತನೇ ಇಯತ್ತೆ ಮುಗಿಸಿ ಮನೆಯಲ್ಲಿದ್ದಾಳೆ. ಎರಡು ಪುಟ ಬರೆದಿದ್ದ: ಅಕ್ಕ ಶಾಂತ ಸ್ವಭಾವದವಳು, ಕಷ್ಟಜೀವಿ, ಎಲ್ಲರನ್ನೂ ಪ್ರೀತಿಸುತ್ತಾಳೆ. ನನ್ನ ಹಳೆಯ ಹಲಗೆಯೇ. ಆಕೆಗೆ ಏನು ಬೇಕು ಎಂದೆ. ಗೊತ್ತಿಲ್ಲ ಎಂದ. ಕೇಳಿ ಬಾ ಎಂದೆ. ಸೋಮವಾರ ಪ್ರಾರ್ಥನೆಗೂ ಮೊದಲೇ ಸ್ಟಾಫ್‌ರೂಮಿನ ಬಾಗಿಲಿಗೆ ಬಂದು ನಿಂತ.

'ಸರ್, ಆಕೀಗಿ ಟ್ರ್ಯಾಕ್ಟರ್ ಹೊಡ್ಯಾಕ ಕಲೀಬೇಕಂತ್ರಿ.'

'ಬರಿ ಮತ್ತ.'

'ಅಪ್ಪ ಓದಿದ್ರ ಏನ್ ಮಾಡೂದ್ರಿ?'

ಹೆಸರು ಬದಲಿಸು, ಊರು ಬದಲಿಸು ಎಂದೆ. ತಲೆ ಕೆರೆದುಕೊಂಡು ಯೋಚಿಸಿದ. 'ಟ್ರ್ಯಾಕ್ಟರಿನ ಬಣ್ಣಾನೂ ಬದ್ಲಿ ಮಾಡ್ತೀನ್ರಿ' ಎಂದು ಓಡಿದ.